ಸವಾಲಿಗಿಂತ ಮೊದ್ಲ ಜವಾಬು

(ಸಿಂಧನೂರಿನ ಚಾದಂಗಡಿ)

ಹುಡುಗ: ಕಾಕಾ, ನಿಜಾಮರ ಚಾರ್‌ಮಿನಾರ್ ರೂಪಾಯಿ ಆನ್‌ಲೈನ್ ಸವಾಲಿಗೆ ಹಚ್ಚಿದ್ದೆ. ಎರಡು ದಿನ ಬಾಕಿ ಇತ್ತು, ಮುಗಿಸಿಬಿಟ್ಟೆ.

ಕಾಕಾ: ಯಾಕಪಾ, ಕೂಗೋರ ಗಂಟಲು ಕಟ್ಟಿತೇನು?

ಹುಡುಗ: ಒಬ್ಬಾಂವ ಗುಟ್ಟಾಗಿ ಮೆಸೇಜ್ ಹಾಕಿದ: 'ಈಗಿಂದೀಗ ನಿಲ್ಲಿಸು, ಎರಡು ಸಾವಿರ ಕೊಡ್ತೀನಿ.'

ಕಾಕಾ: ಧರ್ಮಾತ್ಮ! ತಡದಿದ್ರ ನಿನಗ ಹೆಚ್ಚಿಗೆ ರೊಕ್ಕ ಎಣಿಸೋ ತ್ರಾಸು. ಎಪಿಎಂಸ್ಯಾಗ ಭತ್ತ ಹಿಂಗ ಹೋಗಿದ್ರ ನಿಮ್ಮಪ್ಪ ರಸ್ತಾ ತಡೀತಿದ್ದ. ಯಾರಂವ?

ಹುಡುಗ: ಲಿಂಗಸುಗೂರಿನಾಂವ. ಐಡಿ 'ದೇವಾನಾಂಪ್ರಿಯ' ಅಂತದ.

ಕಾಕಾ: ಖರೇ ಹೆಸರು ಮಸ್ಕಿ ಬಂಡೆಗಲ್ಲಿಗೆ ಕೇಳು. 1915ರಾಗ ಅಶೋಕಂದು ಬಯಲು ಮಾಡಿದ್ದು ಅದ.

ಹುಡುಗ: ಹೆಸರು ಸಿಕ್ಕರ ರೊಕ್ಕ ಬರ್ತದೇನು?

ಕಾಕಾ: ಇನ್ನಾ ಬಂದಿಲ್ಲೇನು? ಭೇಷ್! ಚಾದ ರೊಕ್ಕ ನೀನ ಕೊಡು. ಸವಾಲು ಬ್ಯಾಡ.