ಮೇಪಲ್ ಸಿರಪ್ ರೋಗ ಮಹಾಶಯರಿಗೆ ಒಂದು ಬಿನ್ನವತ್ತಳೆ

ಮಹಾಶಯರೆ,

ಉಭಯಕುಶಲೋಪರಿ ಸಾಂಪ್ರತವೆಂದು ಕಾಗದವನ್ನು ಆರಂಭಿಸುವುದು ನಮ್ಮ ಹಿರಿಯರ ಸಂಪ್ರದಾಯವಾದರೂ, ತಮ್ಮ ಕುಶಲವೇ ನಮ್ಮ ಓಣಿಯ ಕೂಸಿನ ಅಕುಶಲವಾಗಿರುವ ಕಾರಣ ಆ ಮಂಗಳವಾಕ್ಯವನ್ನು ಈ ಸಲ ಕೈಬಿಟ್ಟಿದ್ದೇನೆ, ಮನ್ನಿಸಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗವೆಂಬ ನಾಲ್ಕು ತಾಲ್ಲೂಕುಗಳ ಸಮಸ್ತ ಪ್ರಜೆಗಳ ಪರವಾಗಿ, ಅವರಲ್ಲಿ ಯಾರೊಬ್ಬರೂ ನನ್ನನ್ನು ನೇಮಿಸದಿದ್ದಾಗ್ಯೂ, ಈ ಬಿನ್ನಹವನ್ನು ತಮ್ಮ ಸನ್ನಿಧಿಗೆ ಅರ್ಪಿಸುತ್ತಿದ್ದೇನೆ. ಇದನ್ನು ಆರೋಗ್ಯ ಇಲಾಖೆಗೇ ಬರೆಯಬಾರದಿತ್ತೆ ಎಂದು ತಾವು ಕೇಳಬಹುದು. ಬರೆಯಬಹುದಿತ್ತು. ಆದರೆ ಇಲಾಖೆಯನ್ನು ರೋಗದ ಸ್ವಭಾವಕ್ಕೆ ಹೊಂದಿಸುವುದಕ್ಕಿಂತ ರೋಗವನ್ನು ಇಲಾಖೆಯ ಸ್ವಭಾವಕ್ಕೆ ಹೊಂದಿಸುವುದೇ ಸುಲಭಸಾಧ್ಯವೆಂದು ಮೂರು ವರ್ಷಗಳ ಅನುಭವದಿಂದ ನನಗೆ ಮನವರಿಕೆಯಾಗಿದೆ.

ಮೊದಲು ತಮ್ಮ ನಾಮಧೇಯದ ವಿಚಾರ. 1954ರಲ್ಲಿ ಅಮೆರಿಕದ ಜಾನ್ ಮೆಂಕೆಸ್ ಎಂಬ ವೈದ್ಯರೂ ಅವರ ಸಂಗಡಿಗರೂ, ಒಂದೇ ಮನೆಯಲ್ಲಿ ಜನಿಸಿ ಕೆಲವೇ ವಾರಗಳೊಳಗೆ ತೀರಿಹೋದ ನಾಲ್ಕು ಶಿಶುಗಳ ವೃತ್ತಾಂತವನ್ನು ಪ್ರಕಟಿಸಿದರು; ಆ ಶಿಶುಗಳ ಮೂತ್ರಕ್ಕಿದ್ದ ಸಿಹಿಗಂಧವು ಅವರ ಸೀಮೆಯ ಮೇಪಲ್ ಮರದ ಪಾಕವನ್ನು ನೆನಪಿಗೆ ತಂದದ್ದರಿಂದ ತಮಗೆ ಈ ಅಂಕಿತ ಪ್ರಾಪ್ತವಾಯಿತು. ನಮ್ಮ ಕಡೆ ಮೇಪಲ್ ಮರವನ್ನು ಕಂಡವರಿಲ್ಲ. ಆದರೆ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಕುದಿದು ತಳ ಹಿಡಿಯುವ ಹೊತ್ತಿನ ವಾಸನೆಯನ್ನು ಅರಿಯದವರೂ ಇಲ್ಲ. ತಾವು ಮೊದಲು ಮಲಪ್ರಭೆಯ ದಂಡೆಯಲ್ಲಿ ಅವತರಿಸಿದ್ದರೆ ತಮ್ಮನ್ನು ಗಾಣದಮನೆಯ ಬೇನೆಯೆಂದೇ ಕರೆಯುತ್ತಿದ್ದೆವು, ಮತ್ತು ಅಷ್ಟರಿಂದಲೇ ಕೆಲವು ಕೂಸುಗಳು ಉಳಿದುಕೊಳ್ಳುತ್ತಿದ್ದವೇನೋ. ನಮ್ಮ ಓಣಿಯಲ್ಲಿ, ಹುಟ್ಟಿದ ಆರನೆಯ ದಿನ ಮೊಲೆ ಬಿಟ್ಟು ಬಟ್ಟೆಯಂತೆ ಮೆತ್ತಗಾದ ಕೂಸಿನ ದುಪ್ಪಟಿಯನ್ನು ಮೂಸಿ, "ಬೆಲ್ಲದ ಪಾಕ ಸೀದಂಗ ನಾರತೈತಿ" ಎಂದವಳು ಅದರ ಮುತ್ತಜ್ಜಿ. ಅದು ಮುದುಕಿಯ ಭ್ರಮೆಯೆಂದು ನಕ್ಕವರಲ್ಲಿ ಓದುಬರಹ ಬಲ್ಲ ನಾನೂ ಒಬ್ಬ. ಮೂರು ಊರು ದಾಟಿ, ಕೊನೆಗೆ ಬೆಂಗಳೂರಿನಲ್ಲಿ ಒಂದು ಹನಿ ರಕ್ತವನ್ನು ಯಂತ್ರಕ್ಕೆ ಕೊಟ್ಟು ನೋಡಿದಾಗ, ಯಂತ್ರವೂ ಮುದುಕಿಯ ಪಕ್ಷವನ್ನೇ ವಹಿಸಿತು.

ತಮ್ಮ ಕಾರ್ಯವಿಧಾನವನ್ನು ತಮಗೇ ವಿವರಿಸುವುದು ಅಧಿಕಪ್ರಸಂಗವೆನಿಸಿದರೂ, ಇದು ಬಹಿರಂಗ ಪತ್ರವಾದುದರಿಂದ ಓದುಗರಿಗಾಗಿ ಎರಡು ಮಾತು. ಹಾಲಿನಲ್ಲಿ, ಬೇಳೆಯಲ್ಲಿ, ಜೋಳದ ರೊಟ್ಟಿಯಲ್ಲಿ ಕೂಡ ಇರುವ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳನ್ನು ಕರಗಿಸಬೇಕಾದ ಒಂದು ಕಿಣ್ವವು ಈ ಮಕ್ಕಳಲ್ಲಿ ಕೆಲಸ ಮಾಡುವುದಿಲ್ಲ. ಆದಕಾರಣ ತಾಯಿಯ ಹಾಲೇ ಕೂಸಿಗೆ ಅಳತೆ ಮೀರಿದರೆ ವಿಷ. ಆ ಮೂರನ್ನೂ ತೆಗೆದ ವಿಶೇಷ ಪುಡಿಯನ್ನು ಕಲಸಿ, ಅನ್ನವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಉಣಿಸುವ ತಾಯಿ ತಮ್ಮನ್ನು ಹೇಗೋ ಹೊಸ್ತಿಲಾಚೆ ನಿಲ್ಲಿಸಿಕೊಂಡಿರುತ್ತಾಳೆ. ಆದರೆ ಒಂದು ಸಾಧಾರಣ ಜ್ವರ, ಎರಡು ವಾಂತಿ, ಒಂದು ಹೊತ್ತಿನ ಊಟ ತಪ್ಪುವಿಕೆ, ಇಷ್ಟಾದರೆ ಸಾಕು. ಹಸಿದ ದೇಹವು ತನ್ನ ಸ್ನಾಯುವನ್ನೇ ತಾನು ತಿನ್ನತೊಡಗುತ್ತದೆ, ಅದರೊಳಗಿನ ಲ್ಯೂಸಿನ್ ರಕ್ತಕ್ಕೆ ಇಳಿದು ಮಿದುಳನ್ನು ಮುಟ್ಟುತ್ತದೆ, ಮಿದುಳು ಬಾಯುತ್ತದೆ, ಮತ್ತು ನಿನ್ನೆ ಓಡಾಡುತ್ತಿದ್ದ ಮೂರು ವರ್ಷದ ಹುಡುಗಿ ಇಂದು ಸಂಜೆ ಸೆರೆ ಕುಡಿದವರಂತೆ ತಡವರಿಸಿ ನಡೆದು, ರಾತ್ರಿಯ ಹೊತ್ತಿಗೆ ಕರೆದರೆ ಕಣ್ಣು ತೆರೆಯದ ಸ್ಥಿತಿಗೆ ಬರುತ್ತಾಳೆ. ಲಂಘನವೇ ಪರಮೌಷಧವೆಂದು ನಂಬಿ ಬದುಕಿದ ನಾಡಿನಲ್ಲಿ ಲಂಘನವನ್ನೇ ವಾಹನವಾಗಿ ಮಾಡಿಕೊಂಡು ಬರುವ ತಮ್ಮ ಚಾತುರ್ಯಕ್ಕೆ ತಲೆದೂಗಬೇಕು.

ಇನ್ನು ತಮ್ಮನ್ನು ತಡೆಯುವ ಆಯುಧವಾದರೂ ಯಾವುದು? ಇಲ್ಲಿಯೇ ನಿಜವಾದ ವಿನೋದವಿರುವುದು. ಮೊದಲ ಕೆಲವು ತಾಸುಗಳಲ್ಲಿ ಬೇಕಾದದ್ದು, ದೇಹವು ತನ್ನನ್ನು ತಾನು ತಿನ್ನುವುದನ್ನು ನಿಲ್ಲಿಸುವಷ್ಟು ಸಕ್ಕರೆ: ತೂಕಕ್ಕೆ ತಕ್ಕ ಲವಣವನ್ನು ಕೂಡಿಸಿದ ಶೇಕಡಾ 10ರ ಗ್ಲೂಕೋಸ್ ದ್ರಾವಣ, ಹಾಲು ಬೇಳೆಗಳಿಗೆ ತಾತ್ಕಾಲಿಕ ತಡೆ, ಮಿದುಳಿನ ಮೇಲೊಂದು ಕಣ್ಣು. ಡಯಾಲಿಸಿಸ್ ಇತ್ಯಾದಿಗಳು ಬೇಕಾದಾವು, ಅವು ಆಮೇಲಿನವು. ನೂರು ರೂಪಾಯಿ ಮುಟ್ಟದ ಈ ಬಾಟಲಿಯು ನಮ್ಮ ಸೀಮೆಯಲ್ಲಿ ದುರ್ಲಭವೆ? ಕಬ್ಬು ಕಡಿದು ಮೈ ನೊಂದವನು, ಯಲ್ಲಮ್ಮನ ಗುಡ್ಡ ಹತ್ತಿಳಿದು ದಣಿದವಳು, ಚುನಾವಣೆಯಲ್ಲಿ ಸೋತವನು, ಎಲ್ಲರೂ "ಎರಡು ಸಲಾಯಿನ್ ಹಚ್ಚಿಸಿಕೊಂಡು" ಬಂದೆವೆಂದು ಕಟ್ಟೆಯ ಮೇಲೆ ಕುಳಿತು ಹೆಮ್ಮೆಯಿಂದ ಹೇಳಿಕೊಳ್ಳುವ ದೇಶವಿದು. ಬೇಡದವರಿಗೆಲ್ಲ ಬೇಡಿದಷ್ಟು ಬಾಟಲಿ. ನಿಜವಾಗಿ ಬೇಕಾದ ಒಂದು ಕೂಸಿಗೆ ಮಾತ್ರ ಅದನ್ನು ಬೇಡಲು ಕಾಗದಪತ್ರ ಬೇಕು.

ಆ ಕಾಗದಪತ್ರವೂ ಇತ್ತು. ಬೆಂಗಳೂರಿನ ತಜ್ಞರು ಬರೆದುಕೊಟ್ಟ ಒಂದು ಹಾಳೆಯ ತುರ್ತುಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಕೂಸನ್ನು ಹೆಗಲಿಗೆ ಹಾಕಿಕೊಂಡು, ಕಳೆದ ಮಳೆಗಾಲದ ಒಂದು ರಾತ್ರಿ ನಾವು ಒಂದು ಆಸ್ಪತ್ರೆಗೆ ಹೋದೆವು. ಯಾವ ಊರಿನದೆಂದು ಹೇಳಲಾರೆ. ನಾಲ್ಕೂ ಊರಿನವರು ಅದು ಪಕ್ಕದ ಊರೇ ಇರಬೇಕೆಂದು ಭಾವಿಸುವ ಸೌಖ್ಯವನ್ನು ಕಸಿದುಕೊಳ್ಳಲು ನನಗೆ ಮನಸ್ಸಿಲ್ಲ. ಅಲ್ಲಿದ್ದವರು ಕೆಟ್ಟವರಲ್ಲ. ಅದೇ ರಾತ್ರಿ ಒಂದು ಹಾವು ಕಡಿತ, ಒಂದು ಹೆರಿಗೆ, ಒಂದು ಹೊಲದ ಬದುವಿನ ಹೊಡೆದಾಟ, ಇವನ್ನೆಲ್ಲ ಒಬ್ಬರೇ ನೋಡುತ್ತಿದ್ದ ಆ ತರುಣ ವೈದ್ಯರು ಬೆರಳಿಗೆ ಸೂಜಿ ಚುಚ್ಚಿ ನೋಡಿ, "ಸಕ್ಕರಿ ನಾರ್ಮಲ್ ಐತಲ್ಲ, ಗ್ಲೂಕೋಸ್ ಯಾಕ್ರಿ?" ಎಂದರು. ಸಕ್ಕರೆಯು ರಕ್ತದ ಕೊರತೆ ತುಂಬಲಿಕ್ಕಲ್ಲ, ಸ್ನಾಯುವಿನ ಲೂಟಿ ನಿಲ್ಲಿಸಲಿಕ್ಕೆ ಎಂಬುದು ಹಾಳೆಯ ಮೂರನೆಯ ಸಾಲಿನಲ್ಲಿತ್ತು. ಅವರು ಎರಡನೆಯ ಸಾಲಿನಲ್ಲಿದ್ದ ರೋಗದ ಹೆಸರಿಗೇ ನಿಂತರು. ಜಗತ್ತಿನಲ್ಲಿ ಸರಾಸರಿ 1,85,000 ಜನನಗಳಿಗೆ ಒಂದರಂತೆ ದರ್ಶನ ಕೊಡುವ ತಮ್ಮನ್ನು ಅವರು ಅರಿಯದಿದ್ದುದು ಅಪರಾಧವಲ್ಲ. ಅರಿಯಬೇಕೆಂದು ಯಾರೂ ಕೇಳಲೂ ಇಲ್ಲ, ಓದಬೇಕೆಂದಷ್ಟೇ ಕೇಳಿದ್ದು. ಹಾಳೆಯನ್ನು ಮಡಚಿ ಹಿಂದಕ್ಕೆ ಕೊಟ್ಟು ಅವರು ನಮ್ಮ ವೈದ್ಯಶಾಸ್ತ್ರದ ಮಹಾವಾಕ್ಯವನ್ನು ಉಚ್ಚರಿಸಿದರು: "ಇದು ನಮ್ಮಲ್ಲಿ ಆಗಂಗಿಲ್ರಿ, ಮುಂದ ಒಯ್ರಿ."

ಮಹಾಶಯರೆ, ಈ 'ಮುಂದೆ' ಎಂಬ ಸ್ಥಳದ ಭೂಗೋಳವನ್ನು ನಾನು ವ್ಯಾಸಂಗ ಮಾಡಿದ್ದೇನೆ. ಕಿತ್ತೂರಿನ 'ಮುಂದೆ' ಸುಮಾರು 30 ಕಿಲೋಮೀಟರ್ ದೂರದ ಧಾರವಾಡದಲ್ಲಿದೆ. ಸವದತ್ತಿಯದು ಅದೇ ಧಾರವಾಡದಲ್ಲಿ, ಸುಮಾರು 40 ಕಿಲೋಮೀಟರ್. ಬೈಲಹೊಂಗಲದ್ದು ಬೆಳಗಾವಿಯಲ್ಲಿ, ಸುಮಾರು 45. ರಾಮದುರ್ಗದ್ದು ನೂರರ ಸಮೀಪ. ಬೆಳಗಾವಿಗೆ ಹೋದಮೇಲೆ 'ಮುಂದೆ' ಎಂಬುದು 500 ಕಿಲೋಮೀಟರ್ ದಕ್ಷಿಣಕ್ಕೆ ಸರಿದು ಬೆಂಗಳೂರಿನಲ್ಲಿ ಕೂರುತ್ತದೆ; ದಕ್ಷಿಣ ದಿಕ್ಕಿನ ಒಡೆಯ ಯಾರೆಂಬುದನ್ನು ತಮಗೆ ಹೇಳಬೇಕಾಗಿಲ್ಲ. 2008ರ ನವೆಂಬರ್ 1ರಿಂದ ನಾಡಿನಲ್ಲಿ ಓಡುತ್ತಿರುವ 108ರ ವಾಹನದ ಮೇಲೆ ನನ್ನ ದೂರಿಲ್ಲ. ಅದು ಬಂದಿತು, ವೇಗವಾಗಿಯೇ ಓಡಿತು. ಒಂದು ಗ್ಲೂಕೋಸ್ ಬಾಟಲಿಯ ಬಳಿಯಿಂದ ಕೂಸನ್ನು ಎತ್ತಿಕೊಂಡು ಅಂಥದೇ ಇನ್ನೊಂದು ಬಾಟಲಿಯ ಕಡೆಗೆ ಓಡಿತು ಎಂಬುದಷ್ಟೇ ನನ್ನ ವಿಸ್ಮಯ.

ಆದುದರಿಂದ ತಮ್ಮಲ್ಲಿ ಕೆಲವು ಪ್ರಾರ್ಥನೆಗಳಿವೆ. ತಾವು ದಯಮಾಡಿಸುವುದಾದರೆ ಹೊರರೋಗಿ ವಿಭಾಗವು ತೆರೆದಿರುವ ವೇಳೆಯಲ್ಲಿ, ಎರಡನೆಯ ಶನಿವಾರವನ್ನು ಬಿಟ್ಟು, ಚೀಟಿ ಮಾಡಿಸಿಕೊಂಡು ಸರದಿಯಲ್ಲಿ ಬರಬೇಕು. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿಯ ದಾರಿಗಳೆಲ್ಲ ಚಕ್ಕಡಿ, ಟ್ರ್ಯಾಕ್ಟರುಗಳಿಂದ ತುಂಬಿ ಉಧೋ ಉಧೋ ಎನ್ನುತ್ತಿರುವಾಗ ಕೂಸಿಗೆ ವಾಂತಿ ಮಾಡಿಸುವ ತಮ್ಮ ದುರಭ್ಯಾಸವನ್ನು ತ್ಯಜಿಸಬೇಕು. ಮಲಪ್ರಭೆಯು 2019ರ ಆಗಸ್ಟಿನಲ್ಲಿ ಏರಿ ಬಂದಂತೆ ಏರಿ ರಾಮದುರ್ಗದ ಹಾದಿಗಳನ್ನು ಕಟ್ಟಿಹಾಕುವ ದಿನಗಳಲ್ಲಂತೂ ಸರ್ವಥಾ ಬರಕೂಡದು. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು 2018ರಲ್ಲಿ ಆರಂಭವಾದಾಗ 169 ಬಗೆಯ ತುರ್ತು ಚಿಕಿತ್ಸೆಗಳಿಗೆ ಶಿಫಾರಸು ಚೀಟಿ ಬೇಡವೆಂಬ ಔದಾರ್ಯವನ್ನು ತೋರಿತು. ತಾವು ಹೊರಡುವ ಮುನ್ನ ಆ 169ರಲ್ಲಿ ಯಾವುದಾದರೊಂದರ ವೇಷವನ್ನು ಧರಿಸಿ ಬಂದರೆ ಮೇಜಿನ ಆಚೆ ಕುಳಿತವರಿಗೂ ಸಂಕೇತಸಂಖ್ಯೆ ಬರೆಯಲು ಅನುಕೂಲ.

ಸರ್ಕಾರವು ತಮ್ಮನ್ನು ಮರೆತಿದೆಯೆಂದು ಮಾತ್ರ ಹೇಳಕೂಡದು. 2021ರ ರಾಷ್ಟ್ರೀಯ ವಿರಳ ರೋಗ ನೀತಿಯಲ್ಲಿ ತಮಗೆ ಒಂದಲ್ಲ, ಎರಡು ಪೀಠಗಳಿವೆ: ಯಕೃತ್ತಿನ ಕಸಿಯಿಂದ ಗುಣವಾಗಬಲ್ಲವರ ಮೊದಲ ಪಂಕ್ತಿಯಲ್ಲೊಂದು, ವಿಶೇಷ ಆಹಾರದಿಂದ ಬದುಕಬಲ್ಲವರ ಎರಡನೆಯ ಪಂಕ್ತಿಯಲ್ಲೊಂದು. ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಯವರೆಗೆ ನೆರವೆಂದು 2022ರಲ್ಲಿ ನಿಶ್ಚಯವಾಯಿತು; ಕರ್ನಾಟಕಕ್ಕೆ ಅಂಥ ಕೇಂದ್ರವು ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳ ಜೋಡಿಯಲ್ಲಿದೆ. ಹೀಗೆ ಐವತ್ತು ಲಕ್ಷದ ಅಭಯಹಸ್ತವು ರಾಜಧಾನಿಯಲ್ಲಿಯೂ, ನೂರು ರೂಪಾಯಿಯೊಳಗಿನ ಬಾಟಲಿಯು ತಾಲ್ಲೂಕಿನ ಕಪಾಟಿನಲ್ಲಿಯೂ ಕ್ಷೇಮವಾಗಿರುವಾಗ, ನಡುವಿನ ಹೆದ್ದಾರಿಯ ಮೇಲೆ ಮಲಗಿರುವ ಕೂಸೊಂದೇ ಯಾವ ಯೋಜನೆಯ ಲೆಕ್ಕಕ್ಕೂ ಸಿಕ್ಕದು.

ನ್ಯಾಯಾಸ್ಥಾನವೂ ಸುಮ್ಮನಿರಲಿಲ್ಲ. ತುರ್ತಿನಲ್ಲಿ ಬಂದವರ ಪ್ರಾಣ ಕಾಯುವುದು ಪ್ರತಿ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು ಪರಮಾನಂದ ಕಟಾರ ಅವರ ಪ್ರಕರಣದಲ್ಲಿ 1989ರಲ್ಲಿಯೇ ಹೇಳಿತು. 1992ರಲ್ಲಿ ಪಶ್ಚಿಮ ಬಂಗಾಳದ ಹಕೀಮ್ ಶೇಖ್ ಎಂಬ ಕೂಲಿಕಾರನು ರೈಲಿನಿಂದ ಬಿದ್ದು ತಲೆ ಒಡೆದುಕೊಂಡಾಗ, ಒಂದರ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ, ಸಲಕರಣೆಯಿಲ್ಲವೆಂದು ಅವನನ್ನು ಮುಂದೆ ಮುಂದೆ ಕಳುಹಿಸಿದವು; ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಬದುಕಿದ ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿದ ನ್ಯಾಯಾಲಯವು, ಇದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದೂ, ಹಣವಿಲ್ಲವೆಂಬುದು ನೆಪವಾಗಲಾರದೆಂದೂ, ಜಿಲ್ಲೆಯ ಮತ್ತು ಉಪವಿಭಾಗದ ಮಟ್ಟದ ಆಸ್ಪತ್ರೆಗಳನ್ನು ಮೇಲ್ದರ್ಜೆಗೇರಿಸಬೇಕೆಂದೂ 1996ರಲ್ಲಿ ತೀರ್ಪಿತ್ತಿತು. ಬೈಲಹೊಂಗಲವು ಒಂದು ಉಪವಿಭಾಗದ ಕೇಂದ್ರಸ್ಥಾನ. ತಾವು ತೀರ್ಪುಗಳನ್ನು ಓದುವವರಲ್ಲವೆಂದು ಬಲ್ಲೆ; ಆ ವಿಷಯದಲ್ಲಿ ತಮಗೆ ಒಳ್ಳೆಯ ಸಂಗಾತಿಗಳಿದ್ದಾರೆ.

ನಮ್ಮ ತಪ್ಪನ್ನೂ ಮುಚ್ಚಿಡಲಾರೆ. ಸೋದರಮಾವನಿಗೇ ಮಗಳನ್ನು ಕೊಟ್ಟು ಹೊಲ ಹರಿದು ಹೋಗದಂತೆ ನೋಡಿಕೊಳ್ಳುವ ನಮ್ಮ ವ್ಯವಹಾರಜ್ಞಾನವು ತಮ್ಮಂಥವರಿಗೆ ಹಾಸಿದ ಗಾದಿ. ತಂದೆತಾಯಿ ಇಬ್ಬರೂ ಒಂದೊಂದು ದೋಷದ ಪ್ರತಿಯನ್ನು ಹೊತ್ತಿದ್ದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ತಮ್ಮದು. ಹಾಗೆಂದು ತಮಗೆ ಶರಣಾಗಬೇಕಾಗಿಯೂ ಇಲ್ಲ. ಪೆನ್ಸಿಲ್ವೇನಿಯದ ಮೆನೊನೈಟ್ ಪಂಥದ ಒಕ್ಕಲುಮಕ್ಕಳಲ್ಲಿ, ಅವರೂ ತಮ್ಮತಮ್ಮೊಳಗೇ ನಂಟಸ್ತನ ಮಾಡುವವರಾದ್ದರಿಂದ, ಸುಮಾರು 380 ಶಿಶುಗಳಲ್ಲಿ ಒಂದನ್ನು ತಾವು ಹಿಡಿಯುತ್ತಿದ್ದಿರಿ. ಹೋಮ್ಸ್ ಮಾರ್ಟನ್ ಎಂಬ ವೈದ್ಯರು 1989ರಲ್ಲಿ ಆ ಕುದುರೆಗಾಡಿಯ ಜನರ ನಡುವೆಯೇ ಒಂದು ಚಿಕಿತ್ಸಾಲಯವನ್ನು ತೆರೆದರು. ಊರವರು ಕಣಜದ ಮನೆ ಎತ್ತುವಂತೆ ಕೈಗೆ ಕೈಗೂಡಿಸಿ ಹೊಲಗಳ ಮಧ್ಯೆ ಅದರ ಕಟ್ಟಡವನ್ನು ಎತ್ತಿಕೊಟ್ಟರು. ಅವರು 'ಮುಂದೆ'ಯನ್ನು ತಮ್ಮ ಹೊಲಕ್ಕೇ ತಂದುಕೊಂಡರು.

ಈ ಮಣ್ಣಿನಲ್ಲಿಯೂ ಶತ್ರುವನ್ನು ಬಾಗಿಲಲ್ಲೇ ತಡೆದ ಪೂರ್ವೋದಾಹರಣೆಯುಂಟು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಬಂದು ನಿಂತವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ಇವನು ನಮ್ಮ ವ್ಯಾಪ್ತಿಗೆ ಸೇರಿದವನಲ್ಲ, ಇವನಿಗೆ ಬೇಕಾದ ಸೌಲಭ್ಯ ನಮ್ಮಲ್ಲಿಲ್ಲ, ಧಾರವಾಡಕ್ಕೇ ಒಯ್ಯಿರೆಂದು ರಾಣಿ ಚೆನ್ನಮ್ಮನು ಚೀಟಿ ಬರೆದು ಕಳುಹಿಸಲಿಲ್ಲ. ಕೈಗೆ ಸಿಕ್ಕ ಆಯುಧದಿಂದ ಅಲ್ಲಿಯೇ ಕಾದಾಡಿದಳು. ಆಕೆಯ ಸಮಾಧಿ ಬೈಲಹೊಂಗಲದಲ್ಲಿದೆ. ಪ್ರತಿ ವರ್ಷ ಹೂಹಾರ ಹಾಕುತ್ತೇವೆ.

ಕೂಸು ಬದುಕಿದೆ. ಆ ರಾತ್ರಿಯ ನಾಲ್ಕು ತಾಸುಗಳಲ್ಲಿ ಕಳೆದುಹೋದ ಕೆಲವು ಮಾತುಗಳನ್ನು ಅದು ಈಗ ಮತ್ತೆ ಕಲಿಯುತ್ತಿದೆ. ತಾವು ಮತ್ತೆ ಬರುವಿರೆಂದು ಬಲ್ಲೆವು, ಮಳೆಗಾಲ ಹತ್ತಿರವಿದೆ.

ಕಡೆಯದಾಗಿ, ಈ ಪತ್ರವನ್ನು ತಮ್ಮ ಹೆಗಲ ಮೇಲಿಂದ ಇಣುಕಿ ಓದುತ್ತಿರಬಹುದಾದ ರಾತ್ರಿಪಾಳಿಯ ವೈದ್ಯರಿಗೆ ಒಂದು ಮಾತು. ಸ್ವಾಮಿ, ಹಾಳೆಯು ಕೂಸಿನ ಚೀಲದ ಮುಂದಿನ ಕಿಸೆಯಲ್ಲಿದೆ. ಔಷಧದ ಪ್ರಮಾಣವನ್ನು ಕೂಸಿನ ತೂಕಕ್ಕೆ ಲೆಕ್ಕ ಹಾಕಿಯೇ ಬರೆದಿದ್ದಾರೆ. ಕೆಳಗೆ ಬರೆದವರ ದೂರವಾಣಿಯೂ ಇದೆ, ಎಷ್ಟು ಹೊತ್ತಿಗೆ ಮಾಡಿದರೂ ಎತ್ತುತ್ತಾರೆ. ಮೊದಲು ಬಾಟಲಿ ಹಚ್ಚಿರಿ, ಆಮೇಲೆ ಮುಂದೆ ಕಳುಹಿಸಿರಿ. ಗಾಡಿ ಬರುವ ತನಕ ನಾವು ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತೇವೆ.

ಇಂತು ತಮ್ಮ ವಿಧೇಯನಲ್ಲದ,
ಅದೇ ಓಣಿಯ ಒಬ್ಬ ನಿವಾಸಿ