ತೃಣಮೀಮಾಂಸೆ: ಗೃಹಾಂಗಣ ಹುಲ್ಲುಹಾಸಿನ ಪುನರುತ್ಥಾನ ಕುರಿತು ಒಂದು ಬಹುಶಿಸ್ತೀಯ ಪ್ರವೇಶಿಕೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲೂಕುಗಳ ಅಂಗಳಗಳಲ್ಲಿ ಸಂಭವಿಸುತ್ತಿರುವ ‘ಲಾನ್’ ಎಂಬ ಹರಿತ ವಿದ್ಯಮಾನವನ್ನು ಉತ್ತರ-ಕೃಷಿ ಸೈದ್ಧಾಂತಿಕ ಚೌಕಟ್ಟಿನಲ್ಲಿಟ್ಟು ನಿರಚನೆಗೊಳಪಡಿಸುವುದು ಪ್ರಸ್ತುತ ಸಂಪ್ರಬಂಧದ ವಿನಮ್ರ ಆಶಯ. (ನ್ಯಾಮತಿ ಈಚೆಗೆ ತಾಲೂಕಾದದ್ದರಿಂದ ಅದರ ತೃಣಚರಿತ್ರೆ ಇನ್ನೂ ಹೊನ್ನಾಳಿಯ ಕಡತಗಳಲ್ಲೇ ಇದೆಯೆಂದು ಊಹಿಸಲಾಗಿದೆ.) ವ್ಯಾಖ್ಯೆ: ಎಮ್ಮೆಗೆ ನಿಷಿದ್ಧವಾದ ಹುಲ್ಲೇ ಲಾನ್.

ತೃಣ ಚತುರ್ವಿಧ. ಮೊದಲನೆಯದು ಸ್ವಯಂಭೂ, ಅಂದರೆ ಗರಿಕೆ. ಹೊಲದಲ್ಲಿ ಕಳೆ, ಚೌತಿಯ ದಿನ ಪೂಜ್ಯ. ಕುಂಟೆ ಹೊಡೆದು, ಆಯ್ದು ಬದುವಿಗೆಸೆದರೂ ಗೆಣ್ಣುಗೆಣ್ಣಿಗೆ ಬೇರಿಳಿಸಿ ಮತ್ತೆ ಹಬ್ಬುತ್ತದೆ. ಈ ಚಿರಂಜೀವಿಯನ್ನು ಅಂಗಳದಿಂದ ಕಿತ್ತು, ಚಾಪೆಯಂತೆ ಸುರುಳಿ ಸುತ್ತಿ ಬರುವ ಮೆಕ್ಸಿಕನ್ ಹುಲ್ಲನ್ನು ಚದರಡಿ ಲೆಕ್ಕದಲ್ಲಿ ಕೊಂಡು ಹಾಸಿದರೆ ಅದು ಕ್ರೀತತೃಣ. ಅದರ ನಡುವೆ ತಲೆಯೆತ್ತುವ ತುಂಗೆಗಡ್ಡೆ ಪ್ರತಿರೋಧದ ಸಂಕಥನ. ಮೇಲೆ ಚಿವುಟಿದರೆ ಸಾಯದು, ಗಡ್ಡೆ ಸಮೇತ ಅಗೆಯಬೇಕು. ನಾಲ್ಕನೆಯ ವಿಧವನ್ನು ವಿದ್ವಾಂಸರು ಹುಡುಕಿಕೊಳ್ಳಲಿ.

ಪುನರುತ್ಥಾನ ಕ್ರಮ: ಬೋಳಾದಲ್ಲಿ ಮಣ್ಣು ಸಡಿಲಿಸಿ, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರವನ್ನು ತೆಳ್ಳಗೆ ಎರಚತಕ್ಕದ್ದು. ಗೊಬ್ಬರದ ಮೂಲ? ಗೇಟಿನೊಳಗೆ ಬಿಟ್ಟುಕೊಳ್ಳದ ಅದೇ ಎಮ್ಮೆ. ಕತ್ತರಿಸುವಾಗ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯತಕ್ಕದ್ದಲ್ಲ. ಹೊನ್ನಾಳಿ ಹೊಡೆತ ಇಲ್ಲಿ ಸಲ್ಲದು.

ಜಲನಿರ್ವಹಣಾ ಮೀಮಾಂಸೆ: ವಾರಕ್ಕೆ 25 ಮಿಲಿಮೀಟರ್ ನೀರು, ಎಂದರೆ ಚದರ ಮೀಟರಿಗೆ 25 ಲೀಟರ್. 100 ಚದರ ಮೀಟರಿನ ಅಂಗಳಕ್ಕೆ ವಾರಕ್ಕೆ 2,500 ಲೀಟರ್. ಇನ್ನೊಮ್ಮೆ ಓದಿಕೊಳ್ಳಿ, ಹುಲ್ಲಿಗೆ! ಅದೂ ಯಾವ ದನವೂ ಬಾಯಿ ಹಾಕಕೂಡದ ಹುಲ್ಲಿಗೆ. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಸರ್ಕಾರವೇ ಸಾರಿತ್ತು. ಮರುಬೇಸಿಗೆಯಲ್ಲಿ, ಸೂಳೆಕೆರೆಯಂಥ ಕೆರೆಯಿರುವ ಚನ್ನಗಿರಿ ಸೀಮೆಯಲ್ಲೇ ಅಡಿಕೆ ಮರ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಹೊಡೆಸಬೇಕಾಯಿತು. ಜಗಳೂರಿಗಂತೂ ಬರ ಹೊಸ ಸುದ್ದಿಯೇ ಅಲ್ಲ. ಮೇವಿಲ್ಲದೆ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗುವವನ ಕಣ್ಣೆದುರೇ ಸ್ಪ್ರಿಂಕ್ಲರ್ ತಿರುಗಿಸುವ ನಮ್ಮ ನಾಚಿಕೆಗೇಡಿತನಕ್ಕೆ ಯಾವ ಸೈದ್ಧಾಂತಿಕ ಚೌಕಟ್ಟು ಸ್ವಾಮಿ?

ಹಸಿರು ಬೇಕೇ ಬೇಕೆನ್ನುವವರು ಗರಿಕೆಯನ್ನು ಅದರ ಪಾಡಿಗೆ ಬಿಡಿ. ಬೇಸಿಗೆಯಲ್ಲಿ ಕಂದಿದರೆ ಗಾಬರಿಬಿದ್ದು ನೀರು ಸುರಿಯಬೇಡಿ. ಒಳಗೆ ಬೇರು ಬದುಕಿರುತ್ತದೆ, ಮುಂಗಾರು ಬಿದ್ದರೆ ತಾನೇ ಚಿಗುರುತ್ತದೆ. ಮಳೆಗಾಲದಲ್ಲಿ ಕತ್ತರಿಸಿದ ಹುಲ್ಲನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಬೇಡಿ. ಔಷಧಿ ಹೊಡೆದಿಲ್ಲದಿದ್ದರೆ, ನಿಮ್ಮ ಬೀದಿಯಲ್ಲಿ ಎಮ್ಮೆ ಕಟ್ಟಿದವರ ಮನೆಗೆ ಅದನ್ನು ಅವತ್ತೇ ಕಳಿಸಿಕೊಡಿ.