ಪರ್ಸೆಂಟ್ ಭಾಮೈದ

ನೆಂಟರಾದವರು ಮನೆಗೆ ಬಂದರೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ನೀರು ಕುಡಿದು ಕೂರುತ್ತಾರೆ. ನನ್ನ ಹೆಂಡತಿಯ ತಮ್ಮ ಹೊಸಿಲು ದಾಟುತ್ತಲೇ ಗೋಡೆಯ ಬುಡ ನೋಡುತ್ತಾನೆ, ಹಲ್ಲಿಗೆ ಹೊಂಚುವ ಬೆಕ್ಕಿನ ಹಾಗೆ. ಪ್ಲಗ್ ಪಾಯಿಂಟ್ ಕಣ್ಣಿಗೆ ಬಿದ್ದ ಮೇಲೆಯೇ "ಚೆನ್ನಾಗಿದೀರಾ ಭಾವ?" ಒಂದು ಸಲ ಹಿರಿಯೂರಿನ ನಮ್ಮ ಮನೆಯಲ್ಲಿ ಫ್ರಿಜ್ಜಿನ ಪಿನ್ನು ಕಿತ್ತು ತನ್ನದನ್ನು ಚುಚ್ಚಿದ್ದ. ಮನುಷ್ಯರು ಯಾರಿಗೂ ಗೊತ್ತಾಗಲಿಲ್ಲ. ದೋಸೆ ಹಿಟ್ಟಿಗೆ ಗೊತ್ತಾಯಿತು. ಅದು ಪಾತ್ರೆಯ ಮುಚ್ಚಳ ಎತ್ತಿ ಹೊರಗೆ ಬಂದು ವಿಚಾರಿಸಿಕೊಂಡಿತು.

2020ರ ಮಾರ್ಚ್ ತಿಂಗಳಲ್ಲಿ ಎರಡು ಶರ್ಟು, ಒಂದು ಲ್ಯಾಪ್‌ಟಾಪು ಹಿಡಿದು "ಹದಿನೈದು ದಿನ ಭಾವ" ಎಂದು ಬೆಂಗಳೂರಿನಿಂದ ಬಂದವನು ಎರಡೂವರೆ ವರ್ಷ ಇದ್ದ. ಅವನೊಬ್ಬನೇ ಏನಲ್ಲ. ಹೊಳಲ್ಕೆರೆಯ ಅಡಿಕೆ ಒಣಹಾಕುವ ಅಂಗಳದಲ್ಲಿ, ಹೊಸದುರ್ಗದ ತೆಂಗಿನ ತೋಟದಲ್ಲಿ, ಚಿತ್ರದುರ್ಗದ ಸಂದಿಗೊಂದಿಯ ಮಹಡಿ ಮೇಲೆ ಆಗ ಇಂಥವರ ಬೆಳೆ ಚೆನ್ನಾಗಿ ಬಂದಿತ್ತು. ಗುರುತು ಹಿಡಿಯುವುದು ಸುಲಭ. ಕಿವಿಯಲ್ಲಿ ವೈರು, ಸೊಂಟದಿಂದ ಮೇಲೆ ಇಸ್ತ್ರಿ ಶರ್ಟು, ಕೆಳಗೆ ಲುಂಗಿ. ಹೊತ್ತನ್ನು ಗಡಿಯಾರದಲ್ಲಿ ಹೇಳುವುದಿಲ್ಲ. "ಊಟಕ್ಕೆ ಏಳಯ್ಯ" ಎಂದರೆ "ಇನ್ನೊಂದು ಹನ್ನೆರಡು ಪರ್ಸೆಂಟ್ ಆಗಲಿ ಭಾವ" ಎನ್ನುತ್ತಾನೆ. ಸಾರು ಆರುವುದಕ್ಕೆ ಅಷ್ಟು ಪರ್ಸೆಂಟ್ ಧಾರಾಳ ಸಾಕು.

ಅವನ ಈ ಚಾರ್ಜಿನ ದುಃಖಕ್ಕೆ ಕಾರಣವಿದೆ, ಅದನ್ನೂ ಹೇಳಬೇಕು. ಅವನ ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸುವುದಕ್ಕೆ ಇಬ್ಬರು ಆಳುಗಳು. ಚಿಕ್ಕವನು ಪ್ರೊಸೆಸರಿನ ಜೊತೆಗೇ ಹುಟ್ಟಿದವನು, ಮಿತಾಹಾರಿ, ಪತ್ರ ಪುಟ ತೋರಿಸಲು ಸಾಕು. ದೊಡ್ಡವನು ಬೇರೆ ಚಿಪ್ಪು, ಕುಂಭಕರ್ಣ. ಭಾರಿ ಆಟ, ತ್ರೀಡಿ ಕೆಲಸ ಇದ್ದಾಗ ಎಬ್ಬಿಸಬೇಕು, ಮುಗಿದ ಕೂಡಲೇ ಮಲಗಿಸಬೇಕು. ಎಚ್ಚರವಾಗಿದ್ದರೆ ಕೆಲಸವಿಲ್ಲದಿದ್ದರೂ ಉಣ್ಣುತ್ತಲೇ ಇರುತ್ತಾನೆ. ಎಬ್ಬಿಸಿ ಮಲಗಿಸುವ ಈ ಏರ್ಪಾಟನ್ನು ಎನ್ವಿಡಿಯಾ 2010ರಲ್ಲಿ ಆಪ್ಟಿಮಸ್ ಎಂಬ ಹೆಸರಲ್ಲಿ ತಂದಿತು. ವಿಂಡೋಸಿನಲ್ಲಿ ನಡೆಯಿತು. ಲಿನಕ್ಸ್ ಬಳಸುವವರನ್ನು ಕೇಳುವವರಿರಲಿಲ್ಲ. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಒಬ್ಬ ಹೆಣ್ಣುಮಗಳು ಇದೇ ಸಂಕಟ ತೋಡಿಕೊಂಡಾಗ, ಲಿನಕ್ಸಿನ ಜನಕ ಲೀನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಕಡೆ ತಿರುಗಿ ಎನ್ವಿಡಿಯಾಕ್ಕೆ ನಡುಬೆರಳು ತೋರಿಸಿಬಿಟ್ಟ. ನನ್ನ ಭಾಮೈದ ಲಿನಕ್ಸಿನವನು. ಆ ಬೆರಳಿನ ಕಥೆ ಹೇಳುವಾಗ ಅವನ ಮುಖದಲ್ಲಿ ಒನಕೆ ಓಬವ್ವನ ಕಥೆ ಹೇಳುವ ಗೈಡಿನ ಕಳೆ ಇರುತ್ತದೆ.

ಅದಕ್ಕೂ ಹಿಂದಿನ ವರ್ಷದ ಇನ್ನೊಂದು ಕಥೆಯನ್ನಂತೂ ನಾನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲೆ. ಲಿನಕ್ಸಿನಲ್ಲಿ ಈ ಕುಂಭಕರ್ಣನನ್ನು ಮಲಗಿಸಲು ಕೆಲವರು ಸ್ವಂತ ಆಸಕ್ತಿಯಿಂದ ಬಂಬಲ್‌ಬೀ ಎಂಬ ತಂತ್ರಾಂಶ ಬರೆದರು. 2011ರಲ್ಲಿ ಅದನ್ನು ಹಾಕುವ ಸಾಲುಗಳಲ್ಲಿ ಒಂದು ಕಡೆ, ಒಂದೇ ಒಂದು ಕಡೆ, ಬೇಡದ ಖಾಲಿ ಜಾಗ ಉಳಿದುಹೋಯಿತು. ಎಲ್ಲೋ ಒಳಗಿನ ಒಂದು ಚೂರು ಅಳಿಸಬೇಕಾದ ಆಜ್ಞೆ, ಸಿಸ್ಟಮ್ಮಿನ ಮುಕ್ಕಾಲು ಸಂಸಾರ ಇರುವ 'ಯುಎಸ್‌ಆರ್' ಫೋಲ್ಡರನ್ನೇ ಗುಡಿಸಿ ಹಾಕಿತು. ನಾನು ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದವನು. ಪದಗಳ ನಡುವೆ ಜಾಗ ಬಿಡಿರೋ ಎಂದು ಗಂಟಲು ಹರಿದುಕೊಂಡವನು. ಬಿಟ್ಟರೆ ಹೀಗೂ ಆಗುತ್ತದೆಂದು ಯಾರು ಕಂಡಿದ್ದರು?

ಇಷ್ಟು ಸಾಲದೆಂದು ಅವನು ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು ಸಾಕಿದ್ದ. ವರ್ಚುವಲ್ ಮಷೀನು. ಅವನು ವಿಎಂ ಎನ್ನುತ್ತಾನೆ, ನಾನು ಬಾಡಿಗೆಯವನು ಎನ್ನುತ್ತೇನೆ. ಕಂಪನಿಯ ಯಾವುದೋ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ಓಡುತ್ತದಂತೆ, ಅದಕ್ಕಾಗಿ ಲಿನಕ್ಸಿನ ಮನೆಯೊಳಗೆ ವಿಂಡೋಸಿಗೊಂದು ಕೋಣೆ. ಈ ಬಾಡಿಗೆಯವನಿಗೆ ಸಬ್ ಮೀಟರ್ ಇಲ್ಲ. ಏನು ಉರಿಸಿದರೂ ಬಿಲ್ಲು ಮಾಲೀಕನಿಗೆ. ಸುಮ್ಮನೆ ಕೂತಿದ್ದರೂ ಗಳಿಗೆಗೊಮ್ಮೆ ಎದ್ದು ಲೈಟು ಹಾಕಿ ಆರಿಸುವುದರಿಂದ ಪ್ರೊಸೆಸರಿಗೆ ಗಾಢ ನಿದ್ದೆ ಇಲ್ಲ. ತ್ರೀಡಿ ಸೌಲಭ್ಯ ಕೊಟ್ಟರೆ ಪಕ್ಕದ ಕೋಣೆಯ ಕುಂಭಕರ್ಣನನ್ನೂ ಎಬ್ಬಿಸಬಹುದು. ಸಾಲದ್ದಕ್ಕೆ ಚಾರ್ಜು ಇಳಿದಾಗ ಒಳಗಿನವನೂ ತನ್ನದೇ ಮೂಲೆಯಲ್ಲಿ ಬ್ಯಾಟರಿ ಚಿತ್ರ ಕೆಂಪು ಮಾಡಿಕೊಂಡು ಎಚ್ಚರಿಸುತ್ತಾನೆ, ತಾನೇನೋ ದುಡಿದು ತಂದವನ ಹಾಗೆ!

ಹೊಸದುರ್ಗ ತಾಲ್ಲೂಕಿನ ಮಾವನವರ ತೋಟದ ಮನೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ನನಗೆ ನೆಮ್ಮದಿಯಿಲ್ಲ. ಮಧ್ಯಾಹ್ನ ಉಂಡು ಕೂತಿದ್ದಾಗ ನಾದಿನಿಯ ಮದುವೆ ವಿಡಿಯೊ ಟಿವಿಯಲ್ಲಿ ಹಾಕೆಂದು ಅವನನ್ನು ಪೀಡಿಸಿದವನು ನಾನೇ. ಲ್ಯಾಪ್‌ಟಾಪಿನಿಂದ ಟಿವಿಗೆ ಎಚ್‌ಡಿಎಂಐ ವೈರು ಎಳೆದು ತೋರಿಸಿದ. ಧಾರೆ ಮುಗಿಯಿತು, ಅತ್ತೆ ಕಣ್ಣೊರೆಸಿಕೊಂಡು ರಿಮೋಟು ಒತ್ತಿದರು, ಎಲ್ಲರೂ ಎದ್ದರು. ನಾಲ್ಕು ಗಂಟೆಗೆ ಕರೆಂಟು ಹೋಯಿತು. ದೂರದ ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ಗಂಭೀರವಾಗಿ ತಿರುಗುತ್ತಿದ್ದವು. ಅಲ್ಲಿ ಹುಟ್ಟಿದ ಕರೆಂಟು ಯಾವ ಊರಿಗೆ ಹೋಗುತ್ತದೋ. ಅವನಿಗೆ ಆರು ಗಂಟೆಗೆ ಮೀಟಿಂಗು, ಬಾಡಿಗೆಯವನನ್ನು ಓಡಿಸಿ ತೋರಿಸಬೇಕು. ಚಾರ್ಜು 71. ಯುಪಿಎಸ್ ಮುದಿಯಾಗಿತ್ತು. ಇಟ್ಟಿಗೆ ಗಾತ್ರದ ಆ ಚಾರ್ಜರನ್ನು ಅದಕ್ಕೆ ಸಿಗಿಸಿದರೆ ರಾತ್ರಿಯ ಧಾರಾವಾಹಿಗೆ ಕುತ್ತು ಎಂದು ಅತ್ತೆ ಅಡ್ಡ ನಿಂತರು.

ಅವನ ಮಡಿ ಶುರುವಾಯಿತು. ಪರದೆಯ ಬೆಳಕು ಇಳಿಸಿದ, ಓದಲು ಮೂಗು ತಾಗಿಸಬೇಕಾಯಿತು. ಕೀಲಿಮಣೆಯ ದೀಪ ಆರಿಸಿದ. ಬಾಡಿಗೆಯವನ ತ್ರೀಡಿ ತೆಗೆದ, ನಾಲ್ಕು ಕೋರು ಇದ್ದದ್ದನ್ನು ಎರಡು ಮಾಡಿದ. ಲೆಕ್ಕವನ್ನೂ ಒಪ್ಪಿಸಿದ: "ನೋಡಿ ಭಾವ, ಬ್ಯಾಟರಿ 60 ವಾಟ್ ಅವರ್. 10 ವಾಟ್ ತಿಂದರೆ ಆರು ಗಂಟೆ, 30 ತಿಂದರೆ ಎರಡೇ ಗಂಟೆ." ಆದರೂ ಚಾರ್ಜು ಇಳಿಯುತ್ತಲೇ ಇತ್ತು. 64. 58. ದೊಡ್ಡವನು ಎದ್ದು ಕೂತಿದ್ದಾನೆ, ಯಾರು ಎಬ್ಬಿಸಿದರೋ ಕಾಣೆ. ಕಪ್ಪು ಪರದೆಯಲ್ಲಿ ಏನೇನೋ ಕುಟ್ಟಿದ. ನಾನು "ಒಂದು ಸಲ ಆಫ್ ಮಾಡಿ ಆನ್ ಮಾಡಯ್ಯ" ಎಂದೆ. ಅವನು ನೋಡಿದ ನೋಟ ಯಾವ ಅಳಿಯನಿಗೂ ಬರಬಾರದು.

ಮಾವ ಅಡಿಕೆ ಜಗಿಯುತ್ತ ಕೇಳುತ್ತಿದ್ದರು. "ಅಂಗಂದ್ರೆ ಸಿಂಗಲ್ ಫೇಸು, ತ್ರೀ ಫೇಸು ಅನ್ನು. ಬಲ್ಬಿಗೆ ಸಿಂಗಲ್ ಸಾಕು, ಮೋಟ್ರಿಗೆ ತ್ರೀ ಫೇಸ್ ಬೇಕು."

"ಅದೇ ಅಪ್ಪಾ!"

"ಮತ್ತೆ ಮೋಟ್ರು ಎಲ್ಲೋ ಓಡ್ತಾ ಐತೆ. ಪೈಪು ಎಲ್ಲಿಗೆ ಹೋಗ್ತದೆ ನೋಡು." ಎದ್ದು ಬಂದರು. ಲ್ಯಾಪ್‌ಟಾಪಿನ ಹಿಂದೆ ಬಗ್ಗಿದರು. "ಈ ಬಾಲ ಯಾಕಪ್ಪ ಇನ್ನೂ ಸಿಗಿಸಿದೀಯ?"

ಎಚ್‌ಡಿಎಂಐ ವೈರು. ಅಂಥ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ತೂತು ನೇರವಾಗಿ ದೊಡ್ಡವನಿಗೇ ಜೋಡಿಸಿರುತ್ತದಂತೆ. ಆಚೆ ತುದಿಯಲ್ಲಿ ಟಿವಿ ಮಲಗಿದ್ದರೂ ಇವನು ಕಾಯುತ್ತ ಕೂತಿರುತ್ತಾನೆ. ಕಿತ್ತ ಮೇಲೆ ಚಾರ್ಜು ಇಳಿಯುವ ಓಟ ನಿಂತಿತು. ಮೀಟಿಂಗು 19ರಲ್ಲಿ ಮುಗಿಯಿತು. ವೈರು ಯಾರ ಒತ್ತಾಯಕ್ಕೆ ಬಂದದ್ದೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನು ಕಾಯಿ ಎಣಿಸುವ ನೆಪದಲ್ಲಿ ತೋಟಕ್ಕೆ ಹೋದೆ.

ಬೈಯುತ್ತ ಬೈಯುತ್ತ ನಾನೂ ಕೆಟ್ಟೆ. ಈಗ ನನ್ನ ಚೀಲದಲ್ಲಿ ಕನ್ನಡಕ, ಬಿಪಿ ಮಾತ್ರೆಯ ಜೊತೆಗೆ ಪವರ್ ಬ್ಯಾಂಕ್ ಒಂದು ಖಾಯಂ. ಆದರೆ ಈ ಜಿಪುಣತನ ಬೆಂಗಳೂರಿನದೆಂದು ನನಗೆ ಅನ್ನಿಸುವುದಿಲ್ಲ. ದುರ್ಗದ ಕೋಟೆಯಲ್ಲಿ ಮೇಲಿನ ಹೊಂಡ ತುಂಬಿ ಹೆಚ್ಚಾದ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ ಕಟ್ಟಿದವರ ಊರು ಇದು. ಅತ್ತೆ ಅಕ್ಕಿ ತೊಳೆದ ನೀರನ್ನು ಇವತ್ತಿಗೂ ಮಲ್ಲಿಗೆ ಬುಡಕ್ಕೇ ಹಾಕುತ್ತಾರೆ.

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೆ ಮೊದಲು ತುಂಬಿ ಹರಿದದ್ದು 1933ರಲ್ಲಿ. 89 ವರ್ಷದ ಮಾತು. ಮಾವನವರಿಗೆ ಆಗ 78. ಅವರಪ್ಪ ಹೇಳಿದ್ದನ್ನು ಕೇಳಿದ್ದರು, ಕಂಡಿರಲಿಲ್ಲ. ಜಾತ್ರೆಯಂಥ ಜನದಲ್ಲಿ ಅವರನ್ನು ಕೈಹಿಡಿದು ನಿಲ್ಲಿಸಿದೆವು. ಅವರು ನೀರಿಗೆ ಕೈ ಮುಗಿದರು. ಭಾಮೈದ ಫೋನು ಎತ್ತಿ ವಿಡಿಯೊ ಹಿಡಿಯತೊಡಗಿದ. ಮೂಲೆಯಲ್ಲಿ ಕೆಂಪು ಗೆರೆ ನನಗೆ ಕಾಣುತ್ತಿತ್ತು: 6. ಅವನು ನಿಲ್ಲಿಸಲಿಲ್ಲ. 3. ಬೆಳಕನ್ನೂ ಇಳಿಸಲಿಲ್ಲ. ಕೊನೆಗೆ ಪರದೆ ಕಪ್ಪಾಯಿತು, ಕೈ ಮಾತ್ರ ಹಾಗೇ ಇನ್ನೂ ಸ್ವಲ್ಪ ಹೊತ್ತು ಮೇಲಿತ್ತು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮಾವ ಅವರಪ್ಪನ ಕಾಲದ ಬರಗಾಲದ ಕಥೆ ತೆಗೆದಿದ್ದರು. ಅವನು ಕಿವಿಯಲ್ಲಿ ವೈರಿಲ್ಲದೆ ಕೂತು ಕೇಳುತ್ತಿದ್ದ. ನಡುವೆ ಒಮ್ಮೆ ಅಭ್ಯಾಸಬಲದಿಂದ ಮುಂದಕ್ಕೆ ಬಾಗಿ, "ಭಾವ, ಪವರ್ ಬ್ಯಾಂಕ್ ಏನಾದ್ರೂ ಇದೆಯಾ?" ಎಂದ.

ಚೀಲ ನನ್ನ ತೊಡೆಯ ಮೇಲೇ ಇತ್ತು. ಒಳಗೆ ನೂರಕ್ಕೆ ನೂರು.

"ಇಲ್ಲಪ್ಪ" ಎಂದೆ.